ಹಾಲು, ಸೇಬು ಮತ್ತು 20 ಗ್ರಾಂ ಚಾಕಲೇಟು

ಪುಣೆಯಲ್ಲಿ ಹನ್ನೊಂದನೇ ಕ್ಲಾಸು ಓದುತ್ತಿರುವ ನನ್ನ ತಂಗಿಯ ಮಗಳು ಎ.ಪಿ. ಇಂಗ್ಲಿಷ್ ಲ್ಯಾಂಗ್ವೇಜ್ ಅನ್ನುವ ಅಮೆರಿಕನ್ ಪರೀಕ್ಷೆಗೆ ತಯಾರಾಗುತ್ತಿದ್ದಾಳೆ. ಅದರಲ್ಲಿ ‘ರೆಟರಿಕಲ್ ಅನಾಲಿಸಿಸ್’ ಅಂತ ಒಂದು ಪ್ರಬಂಧ. ಯಾರದೋ ಭಾಷಣವನ್ನೋ ಪತ್ರವನ್ನೋ ಕೊಡುತ್ತಾರೆ. ಅದರಲ್ಲಿ ಹೇಳಿದ್ದು ಸರಿಯೋ ತಪ್ಪೋ ಅಂತ ಕೇಳುವುದಿಲ್ಲ. ಹೇಳಿದವನು ಕೇಳುವವರನ್ನು ತನ್ನ ಕಡೆಗೆ ಹೇಗೆ ಎಳೆದುಕೊಂಡ ಅಂತ ಬಿಡಿಸಿ ತೋರಿಸಬೇಕು. ಬಿ.ಕಾಂ. ಓದಿದ ನಮಗೆ ಇಂಥದ್ದೇನೂ ಇರಲಿಲ್ಲ ಬಿಡಿ. ಬ್ಯಾಲೆನ್ಸ್ ಶೀಟ್ ಓದುವುದನ್ನು ಕಲಿಸಿದರು, ಅದರ ಮುಂದೆ ಅಚ್ಚಾಗುವ ಛೇರ್ಮನ್ನರ ಭಾಷಣ ಓದುವುದನ್ನು ಯಾರೂ ಕಲಿಸಲಿಲ್ಲ.

ಅವಳ ಟೀಚರ್ ಇದನ್ನು ಕಲಿಸುತ್ತಿರುವುದು ಡಿಸ್ಟೋಪಿಯಾ ಕಾದಂಬರಿಗಳ ಮೂಲಕ. ಅಂದರೆ ಕೆಟ್ಟ ನಾಳೆಯ ಕಥೆಗಳು. ಕಟ್ಟುಕಥೆಯ ಭಾಷಣ ಓದಿ ನಿಜವಾದ ಭಾಷಣ ಓದಲು ಕಲಿಯುವುದೇ ಅಂತ ನನಗೆ ಕುತೂಹಲ. ಹುಡುಕುತ್ತಾ ಹೋದರೆ ಇದಕ್ಕೊಂದು ಚರಿತ್ರೆಯೇ ಇದೆ.

ಈ ವಿದ್ಯೆಯ ಬೇರು ಹಳೇ ಗ್ರೀಕರದು. ಸಿಸಿಲಿಯಲ್ಲಿ ಕ್ರಿ.ಪೂ. 5ನೇ ಶತಮಾನದಲ್ಲಿ ಸರ್ವಾಧಿಕಾರಿಗಳು ಬಿದ್ದಮೇಲೆ ಅವರು ಕಿತ್ತುಕೊಂಡಿದ್ದ ಜಮೀನು ವಾಪಸ್ ಕೇಳಲು ಜನ ಕೋರ್ಟಿಗೆ ಹೋದರಂತೆ, ಅಲ್ಲಿ ವಾದಿಸಲು ಹುಟ್ಟಿದ ಶಾಸ್ತ್ರ ಇದು ಅಂತ ಐತಿಹ್ಯ. ಜಮೀನು ವ್ಯಾಜ್ಯದಿಂದ ಶಾಸ್ತ್ರ! ನಮ್ಮ ಕಡೆಯವರಿಗೆ ಇದು ಚೆನ್ನಾಗಿ ಅರ್ಥವಾಗುತ್ತದೆ. ಆಮೇಲೆ ಅರಿಸ್ಟಾಟಲ್ ಬಂದು ಹೇಳುವವನ ಮೇಲಿನ ನಂಬಿಕೆ, ಕೇಳುವವನ ಭಾವನೆ, ತರ್ಕ ಅಂತ ಮೂರು ಭಾಗ ಮಾಡಿದ. ಎರಡು ಸಾವಿರ ವರ್ಷಕ್ಕೂ ಹೆಚ್ಚು ಕಾಲದ ನಂತರವೂ ಮಕ್ಕಳು ಅದನ್ನೇ ಉರು ಹೊಡೆಯುತ್ತಿದ್ದಾರೆ.

ಆದರೆ ಮಾತನಾಡಲು ಕಲಿಸುವ ವಿದ್ಯೆ ಮಾತಿನಿಂದ ತಪ್ಪಿಸಿಕೊಳ್ಳಲು ಕಲಿಸುವ ವಿದ್ಯೆಯಾದದ್ದು ತೀರಾ ಈಚೆಗೆ. 1937ರಲ್ಲಿ ನ್ಯೂಯಾರ್ಕಿನಲ್ಲಿ ‘ಇನ್‌ಸ್ಟಿಟ್ಯೂಟ್ ಫಾರ್ ಪ್ರಾಪಗಾಂಡ ಅನಾಲಿಸಿಸ್’ ಶುರುವಾಯಿತು. ಹಿಟ್ಲರ್‌ನ ರೇಡಿಯೋ ಭಾಷಣಗಳ ಕಾಲ. ಹೆಸರಿಟ್ಟು ಬೈಯುವುದು, ಹೊಳೆಯುವ ಪೊಳ್ಳು ಮಾತು, ‘ಎಲ್ಲರೂ ಮಾಡುತ್ತಿದ್ದಾರೆ ನೀನೂ ಬಾ’ ಅನ್ನುವುದು, ಹೀಗೆ ಏಳು ತಂತ್ರಗಳನ್ನು ಗುರುತಿಸಿ ಶಾಲೆಗಳಿಗೆ ಹಂಚಿದರು. ದುಡ್ಡು ಕೊಟ್ಟವನು ಬಾಸ್ಟನ್ನಿನ ವ್ಯಾಪಾರಿ ಎಡ್ವರ್ಡ್ ಫೈಲೀನ್. ಬ್ಯಾಂಕಿನವನಾಗಿ ಇಲ್ಲೊಂದು ಮಾತು ಸೇರಿಸಲೇಬೇಕು. ಇದೇ ಫೈಲೀನ್ 1907ರಲ್ಲಿ ಭಾರತಕ್ಕೆ ಬಂದು, ಬಂಗಾಳದ ಹಳ್ಳಿಗಳ ಸಹಕಾರಿ ಸಾಲ ಸಂಘಗಳನ್ನು ನೋಡಿ, ಅಮೆರಿಕದಲ್ಲಿ ಕ್ರೆಡಿಟ್ ಯೂನಿಯನ್ ಚಳವಳಿಗೆ ಬೆನ್ನೆಲುಬಾದವನು. ಗದಗದ ಹತ್ತಿರದ ಕಣಗಿನಹಾಳದಲ್ಲಿ ನಮ್ಮವರು ಸಂಘ ಕಟ್ಟಿದ್ದು 1905ರಲ್ಲಿ, ಅದೇ ಸುಮಾರಿನಲ್ಲಿ. ಇರಲಿ. ಅಮೆರಿಕ ಯುದ್ಧಕ್ಕೆ ಇಳಿದಿದ್ದೇ ತಡ, 1942ರಲ್ಲಿ ಆ ಸಂಸ್ಥೆ ಬಾಗಿಲು ಹಾಕಿತು. ಸ್ವಂತ ಸರ್ಕಾರವೇ ಪ್ರಚಾರಕ್ಕೆ ನಿಂತಾಗ ಪ್ರಚಾರವನ್ನು ಬಿಡಿಸಿ ತೋರಿಸುವವರು ಯಾರಿಗೆ ಬೇಕು?

ಅದೇ ಹೊತ್ತಿಗೆ ಲಂಡನ್ನಿನಲ್ಲಿ ಒಬ್ಬಾತ ಪ್ರಚಾರದ ಕೆಲಸವನ್ನೇ ಸಂಬಳಕ್ಕೆ ಮಾಡುತ್ತಿದ್ದ. ಎರಿಕ್ ಬ್ಲೇರ್, ಅಂದರೆ ಜಾರ್ಜ್ ಆರ್ವೆಲ್. 1903ರಲ್ಲಿ ಬಿಹಾರದ ಮೋತಿಹಾರಿಯಲ್ಲಿ ಹುಟ್ಟಿದವನು, ಅಪ್ಪ ಸರ್ಕಾರದ ಅಫೀಮು ಇಲಾಖೆಯ ನೌಕರ. ತಾನೂ 1922ರಿಂದ 27ರವರೆಗೆ ಬರ್ಮಾದಲ್ಲಿ ಪೊಲೀಸ್ ಆಗಿದ್ದ. 1941ರಿಂದ 43ರವರೆಗೆ ಬಿಬಿಸಿಯಲ್ಲಿ ಭಾರತಕ್ಕಾಗಿ ಯುದ್ಧದ ಸುದ್ದಿ ವಿಶ್ಲೇಷಣೆ ಬರೆದ. ಅವನ ಬರಹ ಮರಾಠಿ, ಗುಜರಾತಿ, ಬಂಗಾಳಿ, ತಮಿಳಿಗೆ ಅನುವಾದವಾಗಿ ಪ್ರಸಾರವಾಗುತ್ತಿತ್ತು. ಪ್ರತಿಯೊಂದು ಸ್ಕ್ರಿಪ್ಟೂ ಮೊದಲು ಸೆನ್ಸಾರಿನ ಕೈ ದಾಟಬೇಕು. ಯುದ್ಧಕಾಲದಲ್ಲಿ ಮಾಹಿತಿ ಸಚಿವಾಲಯ ಇದ್ದದ್ದು ಲಂಡನ್ ವಿಶ್ವವಿದ್ಯಾಲಯದ ಸೆನೆಟ್ ಹೌಸ್ ಎಂಬ ಭಾರೀ ಬಿಳೀ ಕಟ್ಟಡದಲ್ಲಿ. ಮುಂದೆ ಕಾದಂಬರಿಯಲ್ಲಿ ಅದೇ ‘ಸತ್ಯ ಸಚಿವಾಲಯ’ವಾಯಿತು. ಸುಳ್ಳು ತಯಾರಿಸುವುದನ್ನು ಒಳಗಿನಿಂದ ಕಂಡವನು ಬರೆದದ್ದರಿಂದಲೇ ಆ ಪುಸ್ತಕಗಳು ಪಾಠಕ್ಕೆ ಒದಗುತ್ತವೆ ಅನ್ನುವುದು ನನ್ನ ಅನಿಸಿಕೆ.

‘ಅನಿಮಲ್ ಫಾರ್ಮ್’ ಅಚ್ಚಾಗಿದ್ದು 1945ರ ಆಗಸ್ಟ್‌ನಲ್ಲಿ. ಕಥೆ ನಿಮಗೆ ಗೊತ್ತಿರಬಹುದು. ಪ್ರಾಣಿಗಳು ಯಜಮಾನ ಜೋನ್ಸ್‌ನನ್ನು ಓಡಿಸಿ ತೋಟ ತಾವೇ ನಡೆಸುತ್ತವೆ. ಹಾಲು, ಸೇಬು ಎರಡೂ ಹಂದಿಗಳ ಪಾಲಾಗುತ್ತವೆ. ಉಳಿದವು ಗೊಣಗಿದಾಗ ಸ್ಕ್ವೀಲರ್ ಅನ್ನುವ ವಾಚಾಳಿ ಹಂದಿ ಸಮಜಾಯಿಷಿ ಕೊಡುತ್ತದೆ: ನಮಗೇನೂ ಅವು ಇಷ್ಟವಿಲ್ಲ, ಆದರೆ ತಲೆ ಕೆಲಸ ಮಾಡುವವರಿಗೆ ಅವು ಬೇಕು ಅಂತ ವಿಜ್ಞಾನ ಹೇಳುತ್ತದೆ, ತಿನ್ನುವುದು ನಿಮಗೋಸ್ಕರ, ನಾವು ಸೋತರೆ ಜೋನ್ಸ್ ವಾಪಸ್ ಬರುತ್ತಾನೆ!

ಹುಡುಗಿಯ ಮೊದಲ ಪ್ರಬಂಧ ಈ ಭಾಷಣದ ಮೇಲೆ. ನಂಬಿಕೆ ಇಲ್ಲಿ, ಭಾವನೆ ಇಲ್ಲಿ, ತರ್ಕ ಇಲ್ಲಿ ಅಂತ ಅರಿಸ್ಟಾಟಲ್‌ನ ಮೂರು ಚೀಟಿ ಅಂಟಿಸಿ ಕೊಟ್ಟಿದ್ದಳು. ಟೀಚರ್ ಅಂಚಿನಲ್ಲಿ ‘ಸರಿ, ಅದಕ್ಕೇನೀಗ?’ ಅಂತ ಬರೆದು ವಾಪಸ್ ಕೊಟ್ಟರು. ಎರಡನೇ ಸಲ ಬರೆದಾಗ ಅವಳಿಗೆ ಬೇರೇನೋ ಕಂಡಿತ್ತು. ಪ್ರಾಣಿಗಳು ಕೇಳಿದ್ದು ಹಾಲು ಏಕೆ ಹಂಚಲಿಲ್ಲ ಅಂತ. ಸ್ಕ್ವೀಲರ್ ಉತ್ತರ ಕೊಟ್ಟದ್ದು ಜೋನ್ಸ್ ಬೇಕಾ ಬೇಡವಾ ಅನ್ನುವ ಪ್ರಶ್ನೆಗೆ. ಅದನ್ನು ಯಾರೂ ಕೇಳಿಯೇ ಇರಲಿಲ್ಲ! ಉತ್ತರ ಮೊದಲೇ ಗೊತ್ತಿರುವ ಪ್ರಶ್ನೆಯನ್ನು ತಾನೇ ತಂದಿಟ್ಟು, ನಿಜವಾದ ಪ್ರಶ್ನೆಯನ್ನು ಮಾಯ ಮಾಡಿದ. ಇದನ್ನು ಓದಿ ನಾನೇ ಕನ್ನಡಕ ತೆಗೆದು ಒರೆಸಿಕೊಂಡೆ.

ಲೆಕ್ಕದವನಾದ ನನಗೆ ಹೆಚ್ಚು ಹಿಡಿಸಿದ್ದು 1949ರ ‘ನೈನ್‌ಟೀನ್ ಏಯ್ಟಿ-ಫೋರ್’. ಚಾಕಲೇಟ್ ರೇಷನ್ 30 ಗ್ರಾಮಿನಿಂದ 20ಕ್ಕೆ ಇಳಿಯುತ್ತದೆ. ಮರುದಿನ ಅದು 20 ಗ್ರಾಮಿಗೆ ‘ಏರಿತು’ ಅಂತ ಪ್ರಕಟಣೆ, ಜನ ಜೈಕಾರ ಹಾಕುತ್ತಾರೆ. ಹಳೇ ಅಂಕಿಗಳನ್ನು ಆಗಲೇ ತಿದ್ದಲಾಗಿದೆ. ಹಿಂದಿನ ಸಾಲಿನ ಕಾಲಂ ಇಲ್ಲದ ಬ್ಯಾಲೆನ್ಸ್ ಶೀಟ್ ಅಂದುಕೊಳ್ಳಿ. ಪುಸ್ತಕದ ಕೊನೆಗೆ ‘ನ್ಯೂಸ್ಪೀಕ್’ ಭಾಷೆಯ ಮೇಲೊಂದು ಅನುಬಂಧ ಇದೆ. ಓಗ್ಡನ್ ಎಂಬಾತ 1930ರಲ್ಲಿ ಮಂಡಿಸಿದ 850 ಪದಗಳ ‘ಬೇಸಿಕ್ ಇಂಗ್ಲಿಷ್’ ಆರ್ವೆಲ್‌ಗೆ ಪರಿಚಯವಿತ್ತು. ಅಮೆರಿಕದ ಒಂದು ದೊಡ್ಡ ಪುಸ್ತಕ ಕ್ಲಬ್ಬು ಆ ಅನುಬಂಧ ಕತ್ತರಿಸಿದರೆ ಪುಸ್ತಕ ತೆಗೆದುಕೊಳ್ಳುತ್ತೇವೆ ಅಂದಿತು. ಕ್ಷಯದಿಂದ ಹಾಸಿಗೆ ಹಿಡಿದಿದ್ದ ಆರ್ವೆಲ್ ಒಪ್ಪಲಿಲ್ಲ. ಕೊನೆಗೆ ಕ್ಲಬ್ಬೇ ಸೋತಿತು. 1950ರ ಜನವರಿಯಲ್ಲಿ ಅವನು ತೀರಿಕೊಂಡ.

ವಿಯೆಟ್ನಾಂ ಯುದ್ಧದ ಕಾಲಕ್ಕೆ ಇದೆಲ್ಲ ಮತ್ತೆ ತರಗತಿಗೆ ಬಂತು. ಅಮೆರಿಕದ ಇಂಗ್ಲಿಷ್ ಮೇಷ್ಟ್ರುಗಳ ಸಂಘ 1974ರಲ್ಲಿ ‘ಡಬಲ್‌ಸ್ಪೀಕ್’ ಪ್ರಶಸ್ತಿ ಶುರುಮಾಡಿತು, ಅತಿ ಕೆಟ್ಟ ಸರ್ಕಾರಿ ಮಾತಿಗೆ ವ್ಯಂಗ್ಯದ ಬಹುಮಾನ. ಮೊದಲನೆಯದು ಕಾಂಬೋಡಿಯಾದಲ್ಲಿದ್ದ ಒಬ್ಬ ಅಮೆರಿಕನ್ ಕರ್ನಲ್‌ಗೆ. ಅದನ್ನು ಬಾಂಬ್ ದಾಳಿ ಅನ್ನಬೇಡಿ, ‘ಏರ್ ಸಪೋರ್ಟ್’ ಅನ್ನಿ ಅಂತ ಪತ್ರಕರ್ತರ ಮೇಲೆ ರೇಗಿದ್ದನಂತೆ. ನಾವೇನು ಕಡಿಮೆ? ತುರ್ತು ಪರಿಸ್ಥಿತಿಯಲ್ಲಿ ಬಲವಂತದ ಆಪರೇಷನ್‌ಗಳಿಂದ ‘ಕುಟುಂಬ ಯೋಜನೆ’ ಅನ್ನುವ ಹೆಸರೇ ಕೆಟ್ಟುಹೋದಾಗ 1977ರಲ್ಲಿ ಅದು ‘ಕುಟುಂಬ ಕಲ್ಯಾಣ’ವಾಯಿತು. ನಮ್ಮ ಬ್ಯಾಂಕಿಂಗ್‌ನಲ್ಲಿ ಮುಳುಗುತ್ತಿರುವ ಸಾಲ ‘ಸ್ಟ್ರೆಸ್ಡ್ ಅಸೆಟ್’, ಬಾರದ ದುಡ್ಡು ಬಿಟ್ಟುಕೊಟ್ಟರೆ ‘ಹೇರ್‌ಕಟ್’. ಮೂವತ್ತು ವರ್ಷ ಈ ಪದಗಳನ್ನು ಬರೆದೂ ಬರೆದೂ ಅವುಗಳ ಮುಖವನ್ನೇ ನೋಡುವುದು ಬಿಟ್ಟಿದ್ದೆವು.

ಈ ಪಾಠ ನಡೆಯುತ್ತಿರುವಾಗಲೇ ಹುಡುಗಿಯ ಅಪ್ಪನಿಗೆ ಕಂಪನಿಯಿಂದ ಒಂದು ಪತ್ರ ಬಂತು. ಹತ್ತೊಂಬತ್ತು ವರ್ಷ ದುಡಿದ ಕಾರ್ಖಾನೆ. ಮಾರುಕಟ್ಟೆಗೆ ತಕ್ಕಂತೆ ಸಂಸ್ಥೆಯನ್ನು ಸಜ್ಜುಗೊಳಿಸುವ ಪ್ರಕ್ರಿಯೆಯಲ್ಲಿ ಕೆಲವು ಹುದ್ದೆಗಳು ‘ಬಾಧಿತವಾಗಿವೆ’ ಅಂತ ಇಂಗ್ಲಿಷಿನಲ್ಲಿ ಎರಡು ಪುಟ. ಆ ಭಾನುವಾರ ನಾನು ಅಲ್ಲಿಗೆ ಹೋಗಿದ್ದೆ. ಮನೆಯಲ್ಲಿ ಯಾರಿಗೂ ಮಾತಿಲ್ಲ. ಅವಳು ಪೆನ್ಸಿಲ್ ಹಿಡಿದು ಕೂತು ಪತ್ರಕ್ಕೆ ಗೆರೆ ಹಾಕುತ್ತಿದ್ದಳು.

“ಮಾಮ, ಇದರಲ್ಲಿ ಕರ್ತೃವೇ ಇಲ್ಲ ನೋಡಿ. ಹುದ್ದೆ ತಾನೇ ಬಾಧಿತ ಆಯ್ತಂತೆ, ಯಾರು ತೆಗೆದ್ರು ಅಂತ ಎಲ್ಲೂ ಇಲ್ಲ. ‘ನಾವು’ ಅನ್ನೋದು ಒಂದೇ ಸಲ ಬಂದಿದೆ, ಕೊನೇಲಿ ಥ್ಯಾಂಕ್ಸ್ ಹೇಳೋಕೆ.”

ಅವಳಪ್ಪ ಪತ್ರ ಕೈಗೆ ತೆಗೆದುಕೊಂಡು ಮತ್ತೊಮ್ಮೆ ಓದಿದರು. ಆಮೇಲೆ ನಾವು ಮೂವರೂ ಕೂತು ಐದು ಸಾಲಿನ ಉತ್ತರ ಬರೆದೆವು: ಈ ತೀರ್ಮಾನ ಮಾಡಿದವರು ಯಾರು, ಗ್ರಾಚ್ಯುಟಿ ಎಷ್ಟು, ರಜೆಯ ಹಣ ಎಷ್ಟು, ಯಾವ ತಾರೀಖಿಗೆ. ದುಡ್ಡಿನ ಪ್ರಶ್ನೆಗಳಿಗೆ ಹತ್ತು ದಿನದಲ್ಲಿ ಉತ್ತರ ಬಂತು. ಮೊದಲ ಪ್ರಶ್ನೆಗೆ ಬರಲಿಲ್ಲ.

ಹಾಗಂತ ಆರ್ವೆಲ್‌ನನ್ನು ಓದಿದವರೆಲ್ಲ ಮೋಸಕ್ಕೆ ಸಿಗುವುದಿಲ್ಲ ಅಂತ ನಾನು ಹೇಳಲಾರೆ. ಅವನ ಪುಸ್ತಕವೇ ಪ್ರಚಾರದ ಕೈಗೆ ಸಿಕ್ಕಿತು. 1954ರಲ್ಲಿ ‘ಅನಿಮಲ್ ಫಾರ್ಮ್’ ಕಾರ್ಟೂನ್ ಸಿನಿಮಾ ಆಯಿತು, ಬ್ರಿಟನ್ನಿನ ಥಿಯೇಟರುಗಳಿಗೆ ಬಂದ ಅಲ್ಲಿನ ಮೊದಲ ಪೂರ್ಣಪ್ರಮಾಣದ ಕಾರ್ಟೂನ್ ಚಿತ್ರ. ಹಿಂದಿನಿಂದ ಹಣ ಹಾಕಿದ್ದು ಅಮೆರಿಕದ ಸಿ.ಐ.ಎ. ಅನ್ನುವುದು ಆಮೇಲೆ ಹೊರಬಂತು. ಪುಸ್ತಕದ ಕೊನೆಯಲ್ಲಿ ಹಂದಿಗಳೂ ನೆರೆಯ ಮನುಷ್ಯ ಜಮೀನ್ದಾರರೂ ಒಂದೇ ಮೇಜಿನಲ್ಲಿ ಇಸ್ಪೀಟು ಆಡುತ್ತಾರೆ. ಕಿಟಕಿಯಲ್ಲಿ ಇಣುಕುವ ಪ್ರಾಣಿಗಳಿಗೆ ಯಾರು ಹಂದಿ, ಯಾರು ಮನುಷ್ಯ ಗೊತ್ತಾಗುವುದಿಲ್ಲ. ಸಿನಿಮಾದಲ್ಲಿ ಪ್ರಾಣಿಗಳು ಮತ್ತೆ ದಂಗೆ ಎದ್ದು ಹಂದಿಗಳನ್ನು ಮುಗಿಸುತ್ತವೆ. ಆ ಮೇಜಿನ ಸುತ್ತ ಮನುಷ್ಯರು ಮಾತ್ರ ಒಬ್ಬರೂ ಇಲ್ಲ.