ದಂಡಿನ ಮೈದಾನದ ಚೆಂಡು

ಬೆಂಗಳೂರಿನ ದಂಡು ಪ್ರದೇಶದ ಕಥೆ ಶ್ರೀರಂಗಪಟ್ಟಣದಿಂದ ಆರಂಭವಾಗುತ್ತದೆ. 1799ರ ಮೇ 4ರಂದು ಟಿಪ್ಪು ಸುಲ್ತಾನ್ ಹುತಾತ್ಮನಾದ ದಿನ ಕೋಟೆಗೆ ನುಗ್ಗಿದ ಪಡೆಯನ್ನು ಮುನ್ನಡೆಸಿದವನು ಡೇವಿಡ್ ಬೇರ್ಡ್ ಎಂಬ ಸ್ಕಾಟ್ಲೆಂಡಿನವನು. 1780ರ ಪೊಲ್ಲಿಲೂರು ಕಾಳಗದಲ್ಲಿ ಸೆರೆ ಸಿಕ್ಕು, ಇದೇ ಪಟ್ಟಣದಲ್ಲಿ ಮೂರು ವರ್ಷಕ್ಕೂ ಹೆಚ್ಚು ಕಾಲ ಬಂದಿಯಾಗಿದ್ದವನು. ಅಂದು ಮುತ್ತಿಗೆ ಹಾಕಿದ್ದ ಸೈನ್ಯದಲ್ಲಿ 74ನೆಯ ಹೈಲ್ಯಾಂಡರ್ಸ್ ಎಂಬ ಸ್ಕಾಟಿಷ್ ರೆಜಿಮೆಂಟೂ ಇತ್ತು. ಗೆದ್ದ ಮೇಲೆ ಬ್ರಿಟಿಷರು ದ್ವೀಪದಲ್ಲೇ ಬೀಡುಬಿಟ್ಟರು. ಆದರೆ ಕಾವೇರಿಯ ಸೊಳ್ಳೆ ಬಿಡಲಿಲ್ಲ. ಜ್ವರದಿಂದ ಸಿಪಾಯಿಗಳು ಸಾಯತೊಡಗಿದಾಗ, 1809ರಲ್ಲಿ ದಂಡು ಬೆಂಗಳೂರಿಗೆ ವರ್ಗವಾಯಿತು. ಅದೇ ಕಂಟೋನ್ಮೆಂಟ್.

ಕಾಲ್ಚೆಂಡು ನಮ್ಮಲ್ಲಿಗೆ ಬಂದದ್ದು ಈ ದಂಡಿನ ಹಿಂದೆ. 1888ರಲ್ಲಿ ಶಿಮ್ಲಾದಲ್ಲಿ ಡ್ಯುರಾಂಡ್ ಕಪ್ ಶುರುವಾದಾಗ ಮೊದಲ ಫೈನಲ್ ಆಡಿದ ಎರಡೂ ತಂಡಗಳು ಸ್ಕಾಟ್ಲೆಂಡಿನವು. ರಾಯಲ್ ಸ್ಕಾಟ್ಸ್ ಫ್ಯುಸಿಲಿಯರ್ಸ್ ಗೆದ್ದಿತು, ಹೈಲ್ಯಾಂಡ್ ಲೈಟ್ ಇನ್ಫೆಂಟ್ರಿ ಸೋತಿತು. ಸೋತ ಈ ರೆಜಿಮೆಂಟು 1881ರಲ್ಲಿ ಎರಡು ಪಡೆಗಳನ್ನು ಕೂಡಿಸಿ ಮಾಡಿದ್ದು. ಅದರಲ್ಲೊಂದು ಶ್ರೀರಂಗಪಟ್ಟಣದ ಅದೇ 74ನೆಯ ಹೈಲ್ಯಾಂಡರ್ಸ್. ಇತಿಹಾಸ ಕೆಲವೊಮ್ಮೆ ಇಂತಹ ಗಂಟುಗಳನ್ನು ಹಾಕಿಡುತ್ತದೆ.

ದೊರೆಗಳು ಆಡುವುದನ್ನು ಮೈದಾನದ ಅಂಚಿನಲ್ಲಿ ನಿಂತು ನೋಡಿದವರು ಯಾರು? ದಂಡಿನ ಸೇವೆಗೆಂದು ಬಂದು ನೆಲೆಸಿದ ಜನ. ತಮಿಳರು, ದಖನಿ ಮಾತಾಡುವ ಮುಸ್ಲಿಮರು, ಆಂಗ್ಲೋ ಇಂಡಿಯನ್ನರು, ದಲಿತರು, ಕ್ರೈಸ್ತರು. ಬೂಟಿಗೆ ಕಾಸಿಲ್ಲದ ಅವರ ಮಕ್ಕಳು ಬರಿಗಾಲಿನಲ್ಲೇ ಆಟ ಕಲಿತರು. ಕಬಡ್ಡಿ, ವಾಲಿಬಾಲ್‌ಗಳ ನಮ್ಮ ಮಂಡ್ಯ, ನಾಗಮಂಗಲದ ಕಡೆಗೆ ಈ ಆಟ ಹೆಚ್ಚು ಹಬ್ಬಲಿಲ್ಲ. ಅದು ದಂಡಿನ ಗಲ್ಲಿಗಳಲ್ಲೇ ಬೇರು ಬಿಟ್ಟಿತು. ಹಲಸೂರಿನ ಗೌತಮಪುರದಲ್ಲಿ ಇಂದಿಗೂ ಅಂಬೇಡ್ಕರ್, ಬುದ್ಧ, ಮದರ್ ತೆರೇಸಾರ ಪ್ರತಿಮೆಗಳ ಜೊತೆ ಪೆಲೆಯ ಪ್ರತಿಮೆಯೂ ಇದೆ.

1937ರಲ್ಲಿ ಒಂದು ಅಚ್ಚರಿ ನಡೆಯಿತು. ಮುಂಬಯಿಯ ರೋವರ್ಸ್ ಕಪ್ 1891ರಿಂದ ಬ್ರಿಟಿಷ್ ತಂಡಗಳ ಕೈಯಲ್ಲೇ ಇತ್ತು. ಅದನ್ನು ಗೆದ್ದ ಮೊದಲ ಭಾರತೀಯ ತಂಡ ಕಲ್ಕತ್ತೆಯದಲ್ಲ, ನಮ್ಮ ಬೆಂಗಳೂರು ಮುಸ್ಲಿಮ್ಸ್. ಮರುವರ್ಷವೂ ಅವರೇ ಗೆದ್ದರು. ಅತ್ತ ಕಲ್ಕತ್ತೆಯಲ್ಲಿ ಮೊಹಮ್ಮಡನ್ ಸ್ಪೋರ್ಟಿಂಗ್ 1934ರಿಂದ 1938ರವರೆಗೆ ಸತತ ಐದು ಬಾರಿ ಲೀಗ್ ಗೆದ್ದ ಕಾಲವದು. ಆ ತಂಡದಲ್ಲೂ ಬೆಂಗಳೂರಿನ ಹುಡುಗರಿದ್ದರು. 1940ರ ರೋವರ್ಸ್ ಫೈನಲ್‌ನಲ್ಲಿ ಈ ಎರಡು ತಂಡಗಳೇ ಎದುರಾದವು, ಗೆಲುವು ಕಲ್ಕತ್ತೆಯವರದಾಯಿತು. 1948ರಲ್ಲಿ ಬೆಂಗಳೂರು ಮುಸ್ಲಿಮ್ಸ್ ಮತ್ತೆ ಕಪ್ ತಂದಿತು. ದೇಶ ಒಡೆದು ಒಂದು ವರ್ಷವಷ್ಟೇ ಆಗಿತ್ತೆಂಬುದನ್ನು ನೆನೆದರೆ ಆ ಗೆಲುವಿನ ತೂಕ ತಿಳಿಯುತ್ತದೆ.

ಆ ಕ್ಲಬ್ಬಿನಲ್ಲಿ ಬೆಳೆದವನು ಅಹ್ಮದ್ ಖಾನ್. 1926ರಲ್ಲಿ ಬೆಂಗಳೂರಿನಲ್ಲಿ, ಕಾಲ್ಚೆಂಡಿನ ಮನೆತನದಲ್ಲೇ ಹುಟ್ಟಿದವನು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ 2-1ರಿಂದ ಸೋತ ತಂಡದಲ್ಲಿ ಆಡಿದ. ಒಲಿಂಪಿಕ್ಸ್‌ನಲ್ಲಿ ಭಾರತದ ಮೊದಲ ಗೋಲನ್ನು ಅಂದು ಹೊಡೆದವನು ಮೈಸೂರು ರಾಜ್ಯಕ್ಕೆ ಆಡುತ್ತಿದ್ದ ಸಾರಂಗಪಾಣಿ ರಾಮನ್. ಸಿಕ್ಕ ಎರಡು ಪೆನಾಲ್ಟಿಗಳನ್ನು ನಮ್ಮವರು ಕೈಚೆಲ್ಲಿದ್ದರು, ಇಲ್ಲವಾದರೆ ಕಥೆಯೇ ಬೇರೆಯಾಗುತ್ತಿತ್ತು. 1952ರ ಹೆಲ್ಸಿಂಕಿಯಲ್ಲಿ ಯುಗೊಸ್ಲಾವಿಯಾ ಹತ್ತು ಗೋಲು ಹೊಡೆದಾಗ ಭಾರತದ ಏಕೈಕ ಗೋಲು ಅಹ್ಮದ್ ಖಾನ್‌ನದು. ಇವೆರಡರ ನಡುವೆ, 1951ರ ದಿಲ್ಲಿ ಏಷ್ಯನ್ ಕ್ರೀಡೆಗಳಲ್ಲಿ ಚಿನ್ನ.

ಆದರೆ ಪದಕಗಳಿಗಿಂತ ಮುಖ್ಯವೆಂದು ನನಗೆ ತೋರುವ ಸಂಗತಿ ಬೇರೊಂದಿದೆ. 1949ರಲ್ಲಿ ಅಹ್ಮದ್ ಖಾನ್ ಸೇರಿದ್ದು ಈಸ್ಟ್ ಬೆಂಗಾಲ್ ಕ್ಲಬ್ಬನ್ನು. ಪೂರ್ವ ಬಂಗಾಳದಲ್ಲಿ ಮನೆಮಠ ಕಳೆದುಕೊಂಡು ಕಲ್ಕತ್ತೆಗೆ ಓಡಿಬಂದ ಹಿಂದೂ ನಿರಾಶ್ರಿತರಿಗೆ ಆ ಕ್ಲಬ್ಬೇ ತವರು. ವಿಭಜನೆಯ ಗಾಯ ಹಸಿಯಾಗಿದ್ದ ಆ ದಿನಗಳಲ್ಲಿ, ಅವರು ತಲೆಯ ಮೇಲೆ ಹೊತ್ತು ಮೆರೆಸಿದ್ದು ಬೆಂಗಳೂರಿನ ಈ ಮುಸ್ಲಿಮ್ ಯುವಕನನ್ನು. ವೆಂಕಟೇಶ್, ಅಪ್ಪಾರಾವ್, ಧನರಾಜ್, ಸಾಲೆ ಮತ್ತು ಅಹ್ಮದ್ ಖಾನ್ — ಈ ಐವರು ಮುಂಚೂಣಿ ಆಟಗಾರರಿಗೆ ಅವರು ಕೊಟ್ಟ ಹೆಸರು 'ಪಂಚಪಾಂಡವರು'. ಪಾಂಡವರಲ್ಲಿ ಇಬ್ಬರು ಮುಸ್ಲಿಮರೆಂಬುದು ಯಾರಿಗೂ ತೊಡಕೆನಿಸಲಿಲ್ಲ. 1949, 1950, 1951 — ಮೂರು ವರ್ಷವೂ ಐಎಫ್‌ಎ ಶೀಲ್ಡ್ ಆ ಕ್ಲಬ್ಬಿಗೇ ಸಂದಿತು. ಅಹ್ಮದ್ ಖಾನ್ 2017ರ ಆಗಸ್ಟ್‌ನಲ್ಲಿ, 90ನೆಯ ವಯಸ್ಸಿನಲ್ಲಿ ತೀರಿಕೊಂಡರು.

ಅದೇ ದಾರಿಯಲ್ಲಿ ನಾಲ್ಕು ದಶಕಗಳ ನಂತರ ನಡೆದವರು ಕಾರ್ಲ್‌ಟನ್ ಚಾಪ್‌ಮನ್. 1971ರ ಏಪ್ರಿಲ್ 13ರಂದು ಬೆಂಗಳೂರಿನಲ್ಲಿ ಜನನ. ಜಮ್ಶೆಡ್‌ಪುರದ ಟಾಟಾ ಫುಟ್‌ಬಾಲ್ ಅಕಾಡೆಮಿಯಲ್ಲಿ ಪಳಗಿ, 1993ರಲ್ಲಿ ಈಸ್ಟ್ ಬೆಂಗಾಲ್ ಸೇರಿದರು. ಮಿಡ್‌ಫೀಲ್ಡರ್ ಎಂದರೆ ಮೈದಾನದ ಕೂಲಿಕಾರ. ಹಿಂದಕ್ಕೂ ಓಡಬೇಕು, ಮುಂದಕ್ಕೂ ಓಡಬೇಕು. ಚಪ್ಪಾಳೆ ಗೋಲು ಹೊಡೆದವನಿಗೆ. ಆದರೆ ಏಷ್ಯನ್ ಕಪ್ ವಿನ್ನರ್ಸ್ ಕಪ್ ಪಂದ್ಯದಲ್ಲಿ ಇರಾಕಿನ ಬಲಿಷ್ಠ ಅಲ್ ಜವ್ರಾ ತಂಡವನ್ನು ಈಸ್ಟ್ ಬೆಂಗಾಲ್ 6-2ರಿಂದ ಮಣಿಸಿದ ದಿನ ಚಾಪ್‌ಮನ್ ಒಬ್ಬರೇ ಮೂರು ಗೋಲು ಹೊಡೆದಿದ್ದರು. ಮುಂದೆ ಪಂಜಾಬಿನ ಜೆಸಿಟಿ ಸೇರಿ, 1996-97ರ ಮೊತ್ತಮೊದಲ ರಾಷ್ಟ್ರೀಯ ಲೀಗ್ ಗೆದ್ದ ತಂಡದಲ್ಲಿದ್ದರು. ಎಫ್‌ಸಿ ಕೊಚ್ಚಿನ್‌ನಲ್ಲಿ ಸ್ವಲ್ಪ ಕಾಲ ಆಡಿ 1998ರಲ್ಲಿ ಈಸ್ಟ್ ಬೆಂಗಾಲ್‌ಗೆ ಮರಳಿದರು. 2001ರಲ್ಲಿ ಆ ಕ್ಲಬ್ ಮೊದಲ ಬಾರಿ ರಾಷ್ಟ್ರೀಯ ಲೀಗ್ ಗೆದ್ದಾಗ ನಾಯಕ ಅವರೇ. ಭಾರತ ತಂಡವನ್ನೂ ಮುನ್ನಡೆಸಿದ್ದರು. ಆ ವರ್ಷವೇ ಆಟಕ್ಕೆ ವಿದಾಯ.

ಅಲ್ಲಿಂದ ಮುಂದಿನ ಎರಡು ದಶಕ ತರಬೇತುದಾರನ ಬಾಳು. ತಾನು ಕಲಿತ ಟಾಟಾ ಅಕಾಡೆಮಿಯಲ್ಲೇ ಹುಡುಗರಿಗೆ ಕಲಿಸಿದರು. ಶಿಲ್ಲಾಂಗಿನ ರಾಯಲ್ ವಾಹಿಂಗ್ದೋಹ್ ತಂಡವನ್ನು ಕಟ್ಟಿದರು. ಬಳಿಕ ಕೋಲ್ಕತಾದ ಭವಾನಿಪುರ, ಬೆಂಗಳೂರಿನ ಸ್ಟೂಡೆಂಟ್ಸ್ ಯೂನಿಯನ್, ದಿಲ್ಲಿಯ ಸುದೇವ, ಕೊನೆಗೆ ಕೋಝಿಕ್ಕೋಡಿನ ಕ್ವಾರ್ಟ್ಜ್. ಪಟ್ಟಿ ನೋಡಿದರೆ ಒಂದು ವಿಷಯ ಕಣ್ಣಿಗೆ ರಾಚುತ್ತದೆ: ಇವೆಲ್ಲ ಎಳೆಯರ, ಎರಡನೇ ಸಾಲಿನ ತಂಡಗಳು. ಹಣ ಹರಿದದ್ದು ಬೇರೆಡೆ. 2013ರಲ್ಲಿ ಬೆಂಗಳೂರು ಎಫ್‌ಸಿ ಹುಟ್ಟಿದಾಗ ಅದರ ಮೊದಲ ತರಬೇತುದಾರ ಇಂಗ್ಲೆಂಡಿನವನು. 2014ರಲ್ಲಿ ಐಎಸ್‌ಎಲ್ ಬಂದಾಗ ಮುಖ್ಯ ತರಬೇತುದಾರರ ಕುರ್ಚಿ ವಿದೇಶಿಯರಿಗೆ, ಪಕ್ಕದ ಮಣೆ ನಮ್ಮವರಿಗೆ ಎಂಬ ಪದ್ಧತಿ ಬೆಳೆಯಿತು. ವಿದೇಶಿಯರಿಂದ ಕಲಿಯುವುದು ಬಹಳವಿದೆ, ಇಲ್ಲವೆನ್ನಲಾರೆ. ಚೆಂಡೇ ಹೊರಗಿನಿಂದ ಬಂದದ್ದಲ್ಲವೇ. ಆದರೆ ಹಳ್ಳಿ-ಗಲ್ಲಿಯ ಹುಡುಗನ ಭಾಷೆ, ಹಸಿವು, ಮನೆಯ ಸ್ಥಿತಿ ಬಲ್ಲವನಿಗೆ ದೊಡ್ಡ ಮೈದಾನದಲ್ಲಿ ಜಾಗವಿಲ್ಲವೆಂದರೆ ನಷ್ಟ ಯಾರದು? ಆ ಲೀಗಿನಲ್ಲಿ ಭಾರತೀಯನೊಬ್ಬ ಪೂರ್ಣಾವಧಿಯ ಮುಖ್ಯ ತರಬೇತುದಾರನಾದದ್ದು 2021ರಲ್ಲಿ — ಖಾಲಿದ್ ಜಮೀಲ್. ಅವರೂ ಮಿಡ್‌ಫೀಲ್ಡರೇ. 2025ರ ಆಗಸ್ಟ್‌ನಲ್ಲಿ ಅವರಿಗೆ ರಾಷ್ಟ್ರೀಯ ತಂಡದ ಹೊಣೆಯೂ ಬಂತು.

ಚಾಪ್‌ಮನ್ ಇದಾವುದನ್ನೂ ನೋಡಲಿಲ್ಲ. 2020ರ ಅಕ್ಟೋಬರ್ 12ರಂದು ಬೆಂಗಳೂರಿನಲ್ಲಿ ಹೃದಯಾಘಾತದಿಂದ ಅಗಲಿದಾಗ ಅವರಿಗೆ 49 ವರ್ಷ. ಮೂರು ವರ್ಷ ತುಂಬುವ ಮೊದಲೇ, 2023ರ ಮಾರ್ಚ್ 4ರಂದು, ಸೌದಿ ಅರೇಬಿಯಾದ ರಿಯಾದಿನಲ್ಲಿ ನಡೆದ ಸಂತೋಷ್ ಟ್ರೋಫಿ ಫೈನಲ್‌ನಲ್ಲಿ ಕರ್ನಾಟಕ ಮೇಘಾಲಯವನ್ನು 3-2ರಿಂದ ಸೋಲಿಸಿತು. ಹಿಂದಿನ ಸಲ ಆ ಟ್ರೋಫಿ ನಮ್ಮಲ್ಲಿಗೆ ಬಂದದ್ದು 1968-69ರಲ್ಲಿ. ಆಗ ನಮ್ಮ ರಾಜ್ಯದ ಹೆಸರು ಇನ್ನೂ ಮೈಸೂರು.