ಶೀತಜೀವಿ ಬ್ಯಾಕ್ಟೀರಿಯಾಗಳ ರಸಾಯನ: ಅವಕೆಂಪು ರೋಹಿತ ಅಧ್ಯಯನ ನಡೆದುಬಂದ ದಾರಿ

ಬ್ಯಾಕ್ಟೀರಿಯಾವನ್ನು ಒಡೆಯದೆ, ಬಣ್ಣ ಹಾಕದೆ, ಇಡೀ ಕೋಶದ ರಸಾಯನವನ್ನು ಒಂದೇ ರೋಹಿತದಲ್ಲಿ ಓದಬೇಕೆಂಬ ಆಸೆಗೆ ಎಪ್ಪತ್ತು ವರ್ಷ ದಾಟಿದೆ. 1952ರಲ್ಲಿ ಸ್ಟೀವನ್‌ಸನ್ ಮತ್ತು ಬೋಲ್ಡುವಾನ್ ‘ಸೈನ್ಸ್’ ಪತ್ರಿಕೆಯಲ್ಲಿ, ಅವಕೆಂಪು ರೋಹಿತದಿಂದ ಬ್ಯಾಕ್ಟೀರಿಯಾಗಳನ್ನು ಗುರುತಿಸುವ ವಿಧಾನವನ್ನು ಮುಂದಿಟ್ಟರು. ಆದರೆ ಆ ಉತ್ಸಾಹ ಬಹುಕಾಲ ನಿಲ್ಲಲಿಲ್ಲ. ಅಂದಿನ ಉಪಕರಣ ತರಂಗಾಂತರಗಳನ್ನು ಒಂದೊಂದಾಗಿ ಅಳೆಯುತ್ತಿತ್ತು. ಪ್ರಭೇದಗಳ ನಡುವಿನ ಸೂಕ್ಷ್ಮ ವ್ಯತ್ಯಾಸಗಳನ್ನು ನಂಬಿಕೆಯಿಂದ ಹಿಡಿಯುವ ಶಕ್ತಿ ಅದಕ್ಕಿರಲಿಲ್ಲ. ಜೊತೆಗೆ, ಒಂದೇ ತಳಿಯನ್ನು ಬೇರೆ ಮಾಧ್ಯಮದಲ್ಲಿ, ಬೇರೆ ಉಷ್ಣತೆಯಲ್ಲಿ ಬೆಳೆಸಿದರೆ ರೋಹಿತವೂ ಬದಲಾಗುತ್ತಿತ್ತು. ಗುರುತು ಹಿಡಿಯಲು ಹೊರಟವರಿಗೆ ಇದು ದೊಡ್ಡ ತೊಡಕು. ಶೀತಜೀವಿಗಳ ಅಧ್ಯಯನಕ್ಕೆ ಮುಂದೆ ಈ ತೊಡಕೇ ಬಂಡವಾಳವಾಯಿತು ಎಂಬುದು ಈ ಲೇಖನದ ವಾದ.

ಶೀತಜೀವಿಗಳ ಕಥೆ ಇನ್ನೂ ಹಳೆಯದು. ಸೊನ್ನೆ ಡಿಗ್ರಿಯಲ್ಲೂ ಬೆಳೆಯುವ ಬ್ಯಾಕ್ಟೀರಿಯಾಗಳನ್ನು ಫಾರ್ಸ್ಟರ್ 1887ರಲ್ಲೇ ವರದಿ ಮಾಡಿದ್ದರು. 1975ರಲ್ಲಿ ರಿಚರ್ಡ್ ಮೊರಿಟಾ ಇವುಗಳಿಗೆ ಸ್ಪಷ್ಟ ಎಲ್ಲೆ ಹಾಕಿದರು: ಚೆನ್ನಾಗಿ ಬೆಳೆಯುವ ಉಷ್ಣತೆ 15 ಡಿಗ್ರಿ ಸೆಲ್ಸಿಯಸ್ ಅಥವಾ ಕಡಿಮೆ, ಗರಿಷ್ಠ ಮಿತಿ ಸುಮಾರು 20 ಡಿಗ್ರಿ, ಕನಿಷ್ಠ ಮಿತಿ ಸೊನ್ನೆ ಅಥವಾ ಅದಕ್ಕೂ ಕೆಳಗೆ. ಅದರ ಹಿಂದಿನ ವರ್ಷ ಸಿನೆನ್ಸ್ಕಿ, ಇ. ಕೋಲಿ ಬ್ಯಾಕ್ಟೀರಿಯಾ ಉಷ್ಣತೆಗೆ ತಕ್ಕಂತೆ ತನ್ನ ಪೊರೆಯ ಕೊಬ್ಬನ್ನು ಬದಲಿಸಿಕೊಂಡು ಅದರ ಸ್ನಿಗ್ಧತೆಯನ್ನು ಒಂದೇ ಮಟ್ಟದಲ್ಲಿ ಕಾಯ್ದುಕೊಳ್ಳುತ್ತದೆ ಎಂದು ತೋರಿಸಿದ್ದರು. ಚಳಿಗೆ ಕೊಬ್ಬರಿ ಎಣ್ಣೆ ಹೆಪ್ಪುಗಟ್ಟುವಂತೆ ಪೊರೆಯೂ ಗಟ್ಟಿಯಾದರೆ ಕೋಶ ಬದುಕುವುದಿಲ್ಲ. ಹಾಗಾಗಿ ಅದು ದ್ವಿಬಂಧವಿರುವ, ಕವಲೊಡೆದ ಅಥವಾ ಗಿಡ್ಡ ಸರಪಳಿಯ ಕೊಬ್ಬಿನಾಮ್ಲಗಳನ್ನು ಹೆಚ್ಚಿಸಿಕೊಳ್ಳುತ್ತದೆ.

ಇದನ್ನು ರೋಹಿತದಲ್ಲಿ ಕಾಣಲು ಉಪಕರಣವೇ ಬದಲಾಗಬೇಕಿತ್ತು. ಮೈಕೆಲ್ಸನ್ನರ ವ್ಯತಿಕರಣಮಾಪಕ, 1965ರ ಕೂಲಿ–ಟ್ಯೂಕಿ ಗಣನವಿಧಾನ, ಅಗ್ಗವಾಗುತ್ತಿದ್ದ ಕಂಪ್ಯೂಟರ್ — ಇವು ಕೂಡಿದಾಗ ಎಲ್ಲ ತರಂಗಗಳನ್ನೂ ಒಟ್ಟಿಗೆ ಅಳೆಯುವ ಎಫ್‌ಟಿಐಆರ್ ಯಂತ್ರ ಪ್ರಯೋಗಾಲಯಗಳಿಗೆ ಬಂತು. 1991ರಲ್ಲಿ ಬರ್ಲಿನ್‌ನ ಡೀಟರ್ ನೌಮನ್ ಮತ್ತು ಸಂಗಡಿಗರು ‘ನೇಚರ್’ ಪತ್ರಿಕೆಯಲ್ಲಿ ಬರೆದ ಪ್ರಬಂಧ, ಕೈಬಿಟ್ಟಿದ್ದ ವಿಷಯಕ್ಕೆ ಮರುಜೀವ ಕೊಟ್ಟಿತು.

ರೋಹಿತವನ್ನು ಹತ್ತಿರದಿಂದ ನೋಡೋಣ. ಕೋಶಗಳನ್ನು ತೊಳೆದು, ಕೆಲವೇ ಮೈಕ್ರೋಲೀಟರ್ ದ್ರವವನ್ನು ಸಿಲಿಕಾನ್ ತಟ್ಟೆಯ ಮೇಲೆ ಒಣಗಿಸಿದರೆ ತೆಳು ಪದರವೊಂದು ಉಳಿಯುತ್ತದೆ. ಅದರ ಮೂಲಕ ಅವಕೆಂಪು ಕಿರಣ ಹಾಯಿಸಿದಾಗ, ಪ್ರತಿ ಸೆಂ.ಮೀ.ಗೆ 3,000ದಿಂದ 2,800 ಅಲೆಗಳ ವಲಯದಲ್ಲಿ ಕೊಬ್ಬು, 1,650 ಮತ್ತು 1,550ರ ಆಸುಪಾಸಿನಲ್ಲಿ ಪ್ರೋಟೀನು, 1,200ರಿಂದ 900ರವರೆಗೆ ಮುಖ್ಯವಾಗಿ ಸಕ್ಕರೆ ಸರಪಳಿಗಳು ಕಾಣಿಸುತ್ತವೆ. 2,850ರ ಬಳಿಯ ಶಿಖರದ ಮೇಲೆ ವಿಶೇಷ ಗಮನ ಬೇಕು. ಪೊರೆ ಗಟ್ಟಿ ಸ್ಥಿತಿಯಿಂದ ದ್ರವಸ್ಥಿತಿಗೆ ಜಾರಿದಾಗ ಅದು ಎರಡು-ಮೂರು ಅಂಕ ಮೇಲಕ್ಕೆ ಸರಿಯುತ್ತದೆ. ಕೆನಡಾದಲ್ಲಿ ಹೆನ್ರಿ ಮಾಂಟ್ಶ್ ಮತ್ತು ಸಹೋದ್ಯೋಗಿಗಳು ಈ ಅಳತೆಯನ್ನು ಪೊರೆಗಳ ಅಧ್ಯಯನಕ್ಕೆ ಬಳಸಿ ನೆಲೆಗೊಳಿಸಿದರು. 3,010ರ ಹತ್ತಿರದ ಸಣ್ಣ ಉಬ್ಬು ದ್ವಿಬಂಧದ ಸುಳಿವು. ಆದರೆ ಕವಲು ಸರಪಳಿಯನ್ನೇ ನೆಚ್ಚಿದ ಬ್ಯಾಕ್ಟೀರಿಯಾಗಳಲ್ಲಿ ಆ ಉಬ್ಬನ್ನು ಹುಡುಕಿ ಫಲವಿಲ್ಲ. ಅದಿಲ್ಲದ ಮಾತ್ರಕ್ಕೆ ಕೋಶ ಚಳಿಗೆ ಒಗ್ಗಿಲ್ಲ ಎನ್ನುವುದು ತಪ್ಪು ತೀರ್ಮಾನ.

ನಾರ್ವೆಯ ಓಸ್‌ನಲ್ಲಿರುವ ಜೀವವಿಜ್ಞಾನ ವಿಶ್ವವಿದ್ಯಾಲಯದಲ್ಲಿ, ಅಂಟಾರ್ಕ್ಟಿಕದ ಎಂಡರ್ಬಿ ಪ್ರದೇಶದ ಕರಗುನೀರಿನ ಹೊಂಡಗಳ ಬ್ಯಾಕ್ಟೀರಿಯಾಗಳನ್ನು ಈಚೆಗೆ ಇದೇ ವಿಧಾನದಿಂದ ಪರೀಕ್ಷಿಸಿದ್ದಾರೆ. ಇಲ್ಲಿ ಉಷ್ಣತೆಯೊಂದಿಗೆ ರೋಹಿತ ಬದಲಾಗುವುದು ದೋಷವಲ್ಲ, ಅದೇ ಸಂಶೋಧನೆಯ ಪ್ರಶ್ನೆ.

ವಿಧಾನಕ್ಕೆ ಮಿತಿಗಳೂ ಇವೆ. ನೀರು ಪ್ರೋಟೀನಿನ ವಲಯದಲ್ಲೇ ಬಲವಾಗಿ ಅವಕೆಂಪನ್ನು ಹೀರುತ್ತದೆ. ಒಣಗಿಸಿದರೆ ಪೊರೆಯ ಸಹಜ ಸ್ಥಿತಿ ಕೆಡುತ್ತದೆ. ಒಣಪದರದ ರೋಹಿತವನ್ನೇ ನೋಡಿ ಜೀವಂತ ಪೊರೆಯ ದ್ರವತೆಯನ್ನು ಹೇಳಲಾಗದು. ಗ್ಯಾಸ್ ಕ್ರೊಮ್ಯಾಟೊಗ್ರಫಿಯ ಸಾಕ್ಷ್ಯವೂ ಜೊತೆಗಿರಬೇಕು. 1928ರ ಮಾರ್ಚ್ 16ರಂದು ಸಿ.ವಿ. ರಾಮನ್ ಬೆಂಗಳೂರಿನ ಉಪನ್ಯಾಸದಲ್ಲಿ ವಿವರಿಸಿದ ಚದುರಿಕೆಯಲ್ಲಿ ನೀರಿನ ಅಡ್ಡಿ ಕಡಿಮೆ. ಹಾಗಾಗಿ ಇಂದು ಅವಕೆಂಪು ಮತ್ತು ರಾಮನ್ ರೋಹಿತಗಳನ್ನು ಜೋಡಿಯಾಗಿ ಬಳಸುವುದೇ ಸರಿಯಾದ ಕ್ರಮ.

ಭಾರತದ ಪಾಲೂ ಸಣ್ಣದಲ್ಲ. ಹೈದರಾಬಾದಿನ ಸಿಸಿಎಂಬಿಯಲ್ಲಿ ಎಸ್. ಶಿವಾಜಿ ಮತ್ತು ಸಹೋದ್ಯೋಗಿಗಳು ಅಂಟಾರ್ಕ್ಟಿಕದ ಶಿರ್ಮಾಕರ್ ಓಯಸಿಸ್‌ನ ಮಣ್ಣಿನಿಂದ ಬೇರ್ಪಡಿಸಿದ ಸ್ಫಿಂಗೋಬ್ಯಾಕ್ಟೀರಿಯಂ ಅಂಟಾರ್ಕ್ಟಿಕಸ್ 1992ರಲ್ಲಿ ಹೊಸ ಪ್ರಭೇದವೆಂದು ಪ್ರಕಟವಾಯಿತು. ಎಫ್‌ಟಿಐಆರ್ ಯಂತ್ರ ನಮ್ಮ ಹಲವು ವಿಶ್ವವಿದ್ಯಾಲಯಗಳ ರಸಾಯನ ವಿಭಾಗಗಳಲ್ಲಿದೆ. ಸೂಕ್ಷ್ಮಜೀವಿ ವಿಭಾಗದವರು ಅಲ್ಲಿಗೆ ಹೋಗಿ ಅಂಟಾರ್ಕ್ಟಿಕ ಮತ್ತು ಹಿಮಾಲಯದ ತಳಿಗಳ ರೋಹಿತಗಳನ್ನು ದಾಖಲಿಸಬೇಕು. ಪ್ರತಿ ರೋಹಿತದ ಜೊತೆಗೂ ಮಾಧ್ಯಮ, ಉಷ್ಣತೆ ಮತ್ತು ಬೆಳವಣಿಗೆಯ ಹಂತವನ್ನು ತಪ್ಪದೆ ಬರೆದಿಡಬೇಕು.