ಹನ್ನೆರಡಕ್ಕೆ ಹನ್ನೊಂದು

ನಮ್ಮ ಮದುವೆಯಾದದ್ದು 2008ರ ಜನವರಿಯಲ್ಲಿ, ಕುಂದಾಪುರದಲ್ಲಿ. ಏಪ್ರಿಲ್‌ನಲ್ಲಿ ಹೆಂಡತಿ ಭೇಟಿ ವೀಸಾದ ಮೇಲೆ ದುಬೈಗೆ ಬಂದಿಳಿದಳು. ಮಂಗಳೂರಿನಿಂದ ಕೊಲ್ಲಿಗೆ ನೇರ ವಿಮಾನ ಶುರುವಾಗಿದ್ದು 2006ರಲ್ಲಿ. ಅದಕ್ಕೂ ಮೊದಲು ನಮ್ಮ ಕಡೆಯವರು ಹೆಚ್ಚಾಗಿ ಬಸ್ಸಿನಲ್ಲಿ ಮುಂಬಯಿಗೆ ಹೋಗಿ, ಅಲ್ಲಿಂದ ಹಾರುತ್ತಿದ್ದರು. ಅವಳನ್ನು ಕರೆದುಕೊಂಡು ಅಬುಧಾಬಿಯ ದಾರಿ ಹಿಡಿದಾಗ ನನಗೆ ಒಂದೇ ಅಳುಕು. ಫೋನಿನಲ್ಲಿ ನಾನು 'ಮನೆ' ಎಂದಿದ್ದೆ, ಇದ್ದದ್ದು ಕೋಣೆ.

ಮುಸಫ್ಫಾ ಅಬುಧಾಬಿ ದ್ವೀಪದ ಆಚೆ, ಒಳನಾಡಿನ ಬದಿಯಲ್ಲಿರುವ ಕೈಗಾರಿಕಾ ಪ್ರದೇಶ. 1962ರಲ್ಲಿ ಅಬುಧಾಬಿಯ ತೈಲ ಮೊದಲ ಬಾರಿಗೆ ಹಡಗು ಹತ್ತಿತು. 1966ರಲ್ಲಿ ಶೇಖ್ ಜಾಯೆದ್ ಆಡಳಿತ ವಹಿಸಿಕೊಂಡರು. 1968ರಲ್ಲಿ ಮಖ್ತಾ ಸೇತುವೆ ದ್ವೀಪವನ್ನು ನೆಲಕ್ಕೆ ಜೋಡಿಸಿತು. ಖರ್ಜೂರದ ಗರಿಯ ಮನೆಗಳಿದ್ದ ಊರು ಒಂದು ತಲೆಮಾರಿನೊಳಗೆ ಕಾಂಕ್ರೀಟಿನದಾಯಿತು. ಅದನ್ನು ಕಟ್ಟುವುದಕ್ಕೆ ಬೇಕಾದ ಗ್ಯಾರೇಜು, ವೆಲ್ಡಿಂಗ್ ಶಾಪು, ಗೋದಾಮುಗಳೆಲ್ಲ ಸೇತುವೆಯ ಈಚೆ ನಿಂತವು. ಅಂಥದೊಂದು ವರ್ಕ್‌ಶಾಪಿನಲ್ಲಿ ನಾನು ಡ್ರಾಫ್ಟ್ಸ್‌ಮನ್.

ವರ್ಕ್‌ಶಾಪುಗಳ ಪಕ್ಕದ ವಸತಿ ಪ್ರದೇಶದ ಹೆಸರು ಶಾಬಿಯಾ. ಅರಬ್ಬಿಯಲ್ಲಿ ಅದು ಜನರಿಗಾಗಿ ಸರಕಾರ ಕಟ್ಟಿಸಿದ ವಸತಿಗೆ ಬಳಕೆಯಾಗುವ ಮಾತು. ನಮ್ಮಲ್ಲಿ ದೇವರಾಜ ಅರಸರ ಕಾಲದ ಜನತಾ ಮನೆ ಎನ್ನುವಂತೆ. ಆ ವರ್ಷಗಳಲ್ಲಿ ದ್ವೀಪದೊಳಗೆ ಬಾಡಿಗೆ ಗಗನಕ್ಕೇರಿತ್ತು. ಹಾಗಾಗಿ ಒಂದು ಸಂಸಾರಕ್ಕೆಂದು ಕಟ್ಟಿದ ವಿಲ್ಲಾಗಳನ್ನು ಜಿಪ್ಸಮ್ ಹಲಗೆಯಿಂದ ಸೀಳಿ, ಆರೇಳು ಸಂಸಾರಗಳಿಗೆ ಕೊಡುತ್ತಿದ್ದರು. ನಮ್ಮ ಪಾಲಿಗೆ ಬಂದದ್ದು ಹನ್ನೆರಡು ಅಡಿಗೆ ಹನ್ನೊಂದು ಅಡಿ, ತಿಂಗಳಿಗೆ 2,200 ದಿರ್ಹಂ. ನನ್ನ ಸಂಬಳ 5,000.

ಅವಳು ಬಾಗಿಲಲ್ಲಿ ನಿಂತು ನೋಡಿದಳು. ಮಂಚ, ಮಂಚದ ಕೆಳಗೆ ಸೂಟ್‌ಕೇಸು, ಸ್ನಾನದ ಮನೆಯ ಬಾಗಿಲಿಗೆ ತಾಗಿ ಒಲೆ. "ಒಗ್ಗರಣೆ ಹಾಕಿದರೆ ಹಾಸಿಗೆಗೆ ಸಿಡಿಯುತ್ತದಲ್ಲ" ಅಂದಳು, ಅಷ್ಟೇ. ಗೋಡೆಯಾಚೆ ಕೇರಳದ ದಂಪತಿ, ಈಚೆ ಹೈದರಾಬಾದಿನವರು. ಯಾರ ಮಗು ಯಾವಾಗ ಅಳುತ್ತದೆ ಎಂಬುದು ಎಲ್ಲರಿಗೂ ಗೊತ್ತು. ನಾವು ಜಗಳವನ್ನೂ ಪಿಸುಮಾತಿನಲ್ಲೇ ಆಡಿದೆವು.

ಅಮ್ಮನಿಗೆ ಅಳತೆ ಹೇಳಿದಾಗ ಅವರು ನಕ್ಕರು. ಅಪ್ಪ ಹೋಟೆಲ್ ಕೆಲಸಕ್ಕೆಂದು ಮುಂಬಯಿಗೆ ಹೋದವರು. ಮದುವೆಯಾದ ಮೇಲೆ ಇಬ್ಬರೂ ವರ್ಲಿಯ ಬಿಡಿಡಿ ಚಾಳಿನಲ್ಲಿದ್ದರು. 1920ರ ದಶಕದಲ್ಲಿ ಬ್ರಿಟಿಷರು ಕಟ್ಟಿಸಿದ ಆ ಚಾಳಿನ ಖೋಲಿ 160 ಚದರ ಅಡಿ. ಲೆಕ್ಕ ಹಾಕಿದೆ: ನಮ್ಮದು 132. ಅಪ್ಪನಿಗಿಂತ ಮುಂದೆ ಬಂದೆ ಅಂದುಕೊಂಡಿದ್ದವನು 28 ಅಡಿ ಹಿಂದೆ ಬಿದ್ದಿದ್ದೆ. "ನಿಮಗೆ ಒಳಗೇ ಕಕ್ಕಸು ಉಂಟಲ್ಲ, ನಾವು ಬಾಲ್ದಿ ಹಿಡಿದು ಸಾಲು ನಿಲ್ಲಬೇಕಿತ್ತು" ಎಂದು ಅಮ್ಮ ಸಮಾಧಾನ ಹೇಳಿದರು.

ಆದರೆ ಒಂದು ವಿಷಯದಲ್ಲಿ ಅಪ್ಪ ನಮಗಿಂತ ಗಟ್ಟಿ. ಅವರ ಹತ್ತಿರ ಬಾಡಿಗೆಯ ಚೀಟಿ ಇತ್ತು. ನಮ್ಮ ಕೋಣೆಗೆ ಕಾಗದವೇ ಇರಲಿಲ್ಲ. ಕರಾರು ಮಧ್ಯವರ್ತಿಯ ಹೆಸರಿನಲ್ಲಿತ್ತು, ನಾವು ಕೊಟ್ಟದ್ದೆಲ್ಲ ನಗದು. ಹೆಂಡತಿಗೆ ನಿವಾಸಿ ವೀಸಾ ಮಾಡಿಸಲು ನನ್ನ ಹೆಸರಿನ ಬಾಡಿಗೆ ಕರಾರು ಬೇಕು. ಅದಿಲ್ಲದಿದ್ದರೆ ಭೇಟಿ ವೀಸಾ ಮುಗಿದ ದಿನ ಅವಳು ವಿಮಾನ ಹತ್ತಲೇಬೇಕು. ಅದೇ ಸಮಯಕ್ಕೆ ವಿಲ್ಲಾಗಳನ್ನು ಸೀಳುವುದರ ವಿರುದ್ಧ ಸರಕಾರದ ಕಾರ್ಯಾಚರಣೆಯೂ ಬಿಗಿಯಾಯಿತು. ಬೆಂಕಿ ಬಿದ್ದರೆ ಓಡಲು ದಾರಿಯಿಲ್ಲದ ಮನೆಗಳವು. ನಿಯಮ ಸರಿಯೇ ಇತ್ತು. ಆದರೆ ಎರಡು ವಾರದಲ್ಲಿ ಖಾಲಿ ಮಾಡಿ ಎಂದು ಮಧ್ಯವರ್ತಿ ಬಂದು ಹೇಳಿದಾಗ, ನಿಯಮ ಒಳ್ಳೆಯದೆಂಬ ಮಾತು ಯಾರ ಬಾಯಲ್ಲೂ ಬರಲಿಲ್ಲ.

ಶಾಬಿಯಾದಲ್ಲೇ ಒಂದು ಹಳೆಯ ಕಟ್ಟಡದಲ್ಲಿ ಸಣ್ಣ ಫ್ಲಾಟ್ ಸಿಕ್ಕಿತು. ಮುಂಗಡ ಕೊಡಲು ಅವಳು ಎರಡು ಬಳೆ ಬಿಚ್ಚಿಟ್ಟಳು. ವೀಸಾ ಮುಗಿಯಲು ಆರು ದಿನವಿರುವಾಗ ನನ್ನ ಹೆಸರಿನ ಕರಾರಿಗೆ ಮುದ್ರೆ ಬಿತ್ತು. ಮುಂದೆ 'ತೌಸೀಕ್' ಎಂಬ ನೋಂದಣಿ ಬಂದು ಅಬುಧಾಬಿಯ ಬಾಡಿಗೆ ಕರಾರುಗಳೆಲ್ಲ ಸರಕಾರಿ ದಾಖಲೆಗೆ ಸೇರತೊಡಗಿದವು.

ಕೊಲ್ಲಿಗೆ ಬಂದವರ ಚರಿತ್ರೆ ಬರೆಯುವವರು ಮುಂದೆ ಆ ದಾಖಲೆಗಳನ್ನು ಹುಡುಕಿಯಾರು. ಅದರಲ್ಲಿ ನಮ್ಮ ಫ್ಲಾಟ್ ಸಿಗಬಹುದು. ಹನ್ನೆರಡಕ್ಕೆ ಹನ್ನೊಂದರ ಆ ಕೋಣೆ, ಜಿಪ್ಸಮ್ ಗೋಡೆಯ ಆಚೆ ಈಚೆ ಬದುಕಿದ ಸಂಸಾರಗಳು ಸಿಗುವುದಿಲ್ಲ. ಅದಕ್ಕೇ ಇಲ್ಲಿ ಬರೆದಿಟ್ಟಿದ್ದೇನೆ. ಬಳೆಗಳನ್ನು ಎರಡು ವರ್ಷದ ನಂತರ ಬಿಡಿಸಿಕೊಂಡೆವು. ಅವಳು ಈಗಲೂ ಒಗ್ಗರಣೆ ಹಾಕುವಾಗ ಒಮ್ಮೆ ಹಿಂದೆ ತಿರುಗಿ ನೋಡುತ್ತಾಳೆ, ಹಾಸಿಗೆ ಎಲ್ಲಿದೆ ಎಂದು.